ಗಾಳದ ಬೆಂಡಿಗೂ ಒಂದು ಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಕೆರೆಗಳ ಚರಿತ್ರೆ ಬರೆಯೋಕೆ ಸಾಕ್ಷಿಗಳಿಗೆ ಬರ ಇಲ್ಲ. ಏರಿ ಇದೆ, ತೂಬು ಇದೆ, ಶಾಸನಗಳಿವೆ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ರುಕ್ಮಾಂಗದರಾಯ ಕಟ್ಟಿಸಿದ ಅನ್ನೋ ಪ್ರತೀತಿ ಇವತ್ತಿಗೂ ಬಾಯಿಂದ ಬಾಯಿಗೆ ಹರಿದು ಬರ್ತಿದೆ. ಆದರೆ ಅಂಥ ಕೆರೆಗಳ ಏರಿ ಮೇಲೆ ಕೂತು ಗಾಳ ಹಾಕಿದವರ ಚರಿತ್ರೆ? ಅದಕ್ಕೆ ಕಲ್ಲಿನ ಸಾಕ್ಷಿ ಇಲ್ಲ. ಬಿದಿರಿನ ಕೋಲು ಮುರಿಯಿತು, ದಾರ ಕೊಳೆಯಿತು, ಕೊಕ್ಕೆ ತುಕ್ಕು ಹಿಡಿಯಿತು. ಎಲ್ಲಕ್ಕಿಂತ ಮೊದಲು ಮಣ್ಣಾಗಿದ್ದು ಬೆಂಡು.

ಬೆಂಡು ಅಂದರೆ ಗಾಳದ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ಸಣ್ಣ ತುಂಡು. ಅದಕ್ಕಿರೋದು ಎರಡೇ ಕೆಲಸ. ಎರೆಹುಳ ಸಿಕ್ಕಿಸಿದ ಕೊಕ್ಕೆಯನ್ನು ಬೇಕಾದ ಆಳದಲ್ಲಿ ನಿಲ್ಲಿಸೋದು, ಮೀನು ಬಾಯಿ ಹಾಕಿದ ಸುದ್ದಿಯನ್ನು ದಡಕ್ಕೆ ಮುಟ್ಟಿಸೋದು. ವಸ್ತು ಉಳಿಯದಿದ್ದರೂ ಪದ ಉಳಿದಿದೆ ನೋಡಿ. ಬೆಂಡು ಅಂದರೆ ಗಿಡದ ದಂಟಿನೊಳಗಿನ ಹಗುರವಾದ ತಿರುಳು. ಅದೇ ಪದ ಜಾತ್ರೆಯ ಬೆಂಡು ಬತ್ತಾಸಿನಲ್ಲಿದೆ, ಅಜ್ಜಿಯರ ಬೆಂಡೋಲೆಯಲ್ಲಿದೆ, ದುಡಿದು ದುಡಿದು ‘ಬೆಂಡಾದೆ’ ಅನ್ನೋ ಮಾತಿನಲ್ಲಿದೆ. ಗಾಳದ ಬೆಂಡನ್ನ ಮೊದಲು ಯಾವುದರಿಂದ ಮಾಡ್ತಿದ್ದರು ಅಂತ ಹೇಳೋಕೆ ಆ ಹೆಸರೇ ಸಾಕು. ಜೋಳದ ದಂಟು, ಉದುರಿದ ನವಿಲುಗರಿಯ ಟೊಳ್ಳು ಕಡ್ಡಿ, ದೊಡ್ಡ ಬಲೆಗಾದರೆ ಒಣಗಿದ ಸೋರೆಬುರುಡೆ. ಹೊಲದ ಕಸವೇ ಕಚ್ಚಾಮಾಲು. ಹಳೇದನ್ನ ಮರುಬಳಕೆ ಮಾಡಬೇಕು ಅಂತ ಬೆಸ್ತರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಮೀನು ಹಿಡಿಯೋದನ್ನ ಬರಹಕ್ಕೆ ಇಳಿಸಿದವರು ಇಲ್ಲವೇ ಇಲ್ಲ ಅಂತಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವನ್ನೇ ಬರೆದಿದ್ದಾನೆ. ಯಾವ ಮೀನಿಗೆ ಯಾವ ಮೇವು ಅನ್ನೋವರೆಗೂ ವಿವರ ಇದೆ. ಆದರೆ ಅದು ರಾಜನ ಮನರಂಜನೆ. ಸಾರಿಗೆ ಮೀನು ಬೇಕಾಗಿ ಗಾಳ ಹಾಕಿದವನು ಗ್ರಂಥ ಬರೀಲಿಲ್ಲ.

1889ರಲ್ಲಿ ಬೆಂಗಳೂರಿಂದ ಹರಿಹರದವರೆಗೆ ರೈಲು ಹಳಿ ಪೂರ್ತಿಯಾಯ್ತು. ಕಡೂರು, ಬೀರೂರು, ಅಜ್ಜಂಪುರ ಮೂರೂ ಆ ದಾರಿಯಲ್ಲೇ ಬಂದವು. 1899ರಲ್ಲಿ ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೂ ರೈಲು ಹೋಯ್ತು. ಆಗಿನ್ನೂ ಇದು ಕಡೂರು ಜಿಲ್ಲೆ. ರೈಲಿನ ಜೊತೆ ಬೆಂಡಿಗೂ ಹೊಸ ಸರಕು ಸಿಕ್ಕಿತು. ಹಳಿ ಪಕ್ಕ ಕತ್ತಾಳೆ ಬೇಲಿ ಹಾಕೋದು ಆಗಿನ ರೂಢಿ. ಅಮೆರಿಕ ಖಂಡದಿಂದ ಬಂದ ಆ ಗಿಡದ ಒಣಗಿದ ಬೊಂಬು ಬೆಂಡಿಗೆ ಹೇಳಿ ಮಾಡಿಸಿದ್ದು. ಈಜು ಕಲಿಯೋ ಹುಡುಗರ ಬೆನ್ನಿಗೂ ಅದನ್ನೇ ಕಟ್ಟಿದರು. ಔಷಧಿ, ಬ್ರಾಂದಿ ಬಾಟಲಿಗಳ ಬಿರಡೆ ಇನ್ನೊಂದು. ಪೋರ್ಚುಗಲ್, ಸ್ಪೇನ್ ಕಡೆ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಸುಲಿದು ಮಾಡುವ ಬಿರಡೆ ಅದು.

ಮುಂದಿನ ತಿರುವು ಭದ್ರಾ ಅಣೆಕಟ್ಟು. ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಕೆಲಸ ಮುಗಿದಾಗ 71.5 ಟಿಎಂಸಿ ನೀರು ನಿಲ್ಲುವ ಜಾಗ ಆಯ್ತು. ನೀರು ಆಳವಾಯ್ತು, ಬಲೆ ದೊಡ್ಡದಾಯ್ತು, ಹತ್ತಿ ದಾರದ ಬದಲು ನೈಲಾನ್ ಬಂತು. ವರ್ಷಗಟ್ಟಲೆ ಬಾಳುವ ದಾರಕ್ಕೆ ವಾರಕ್ಕೇ ನೀರು ಕುಡಿದು ಮುಳುಗುವ ದಂಟಿನ ಬೆಂಡು ಸರಿಹೋಗಲಿಲ್ಲ. ಆಗ ಕೈ ಹೋಗಿದ್ದು ಸವೆದ ಹವಾಯಿ ಚಪ್ಪಲಿಗೆ.

ಚಪ್ಪಲಿ ಬೆಂಡು ಮಾಡೋದು ಸುಲಭ. ಹೆಚ್ಚು ಸವೆಯದ ಭಾಗದಲ್ಲಿ ರೂಪಾಯಿ ಅಗಲದ ಬಿಲ್ಲೆ ಕತ್ತರಿಸಿ, ಕಾಯಿಸಿದ ಸೈಕಲ್ ಕಡ್ಡಿಯಿಂದ ನಡುವೆ ತೂತು ಮಾಡಬೇಕು. ದಾರ ಪೋಣಿಸಿ, ಪೊರಕೆ ಕಡ್ಡಿಯೊಂದನ್ನ ಆ ತೂತಿಗೇ ಒತ್ತಿದರೆ ಬೆಂಡು ಬೇಕಾದ ಕಡೆ ನಿಲ್ಲುತ್ತೆ. ಆಳ ಬದಲಿಸಬೇಕಾದರೆ ಕಡ್ಡಿ ಸಡಿಲಿಸಿ ಸರಿಸಿದರಾಯ್ತು. ಕೆಳಗೆ ಭಾರಕ್ಕೆ ಸೈಕಲ್ಲಿನ ಒಂದು ನಟ್ಟು. ಬೆಂಡು ಪೂರಾ ಮುಳುಗಲೂಬಾರದು, ಪೂರಾ ಮೇಲೆ ಕೂರಲೂಬಾರದು. ಭಾರ ಕಮ್ಮಿಯಾದರೆ ಗಾಳಿಗೆ ಕುಣಿಯುತ್ತೆ, ಮೀನು ಕಚ್ಚಿದ್ದು ಗೊತ್ತಾಗಲ್ಲ.

ಈಗ ಚಪ್ಪಲಿಯ ಜೊತೆಗೆ ಥರ್ಮೋಕೋಲ್, ನೀರಿನ ಬಾಟಲಿ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೆ ದೇಶದಾದ್ಯಂತ ನಿಷೇಧ ಇದೆ, ಆದರೆ ಟೀವಿ ಪೆಟ್ಟಿಗೆಯೊಳಗೆ ಬರೋದು ಬರ್ತಾನೇ ಇದೆ. ಪುಕ್ಕಟೆ ಸಿಗುತ್ತೆ, ಚೆನ್ನಾಗಿ ತೇಲುತ್ತೆ. ಆದರೆ ಬಿಸಿಲಿಗೆ ಸಾಬಕ್ಕಿ ಥರ ಉದುರುತ್ತೆ, ಆ ಕಾಳನ್ನ ಮೀನು ಮೇವು ಅಂತ ನುಂಗುತ್ತೆ. ಕಸ ಒಂದೇ ಕೆರೆಯಲ್ಲಿ ನಿಲ್ಲೋ ಕಾಲವೂ ಇದಲ್ಲ. ಭದ್ರಾ ನೀರನ್ನ ಈಗ ಮೇಲೆತ್ತಿ ಅಜ್ಜಂಪುರದ ಸುರಂಗದ ಮೂಲಕ ವಾಣಿವಿಲಾಸ ಸಾಗರದ ಕಡೆ ಹರಿಸ್ತಾರೆ. ನೀರು ಹೋದ ದಾರಿಯಲ್ಲಿ ತೇಲೋ ಕಾಳೂ ಹೋಗಬಲ್ಲದು.

ಎಂಟು ನೂರು ವರ್ಷ ಕುರುಹು ಬಿಡದೆ ಕೆರೆಯಲ್ಲೇ ಕರಗಿದ ಬೆಂಡು ನಮ್ಮ ಕಾಲದಲ್ಲಿ ಮಾತ್ರ ಕೊಳೆಯದೆ ಉಳೀತಿದೆ. ಮುಂದೆ ಯಾರಾದರೂ ಈ ಕೆರೆಗಳ ಹೂಳೆತ್ತಿದರೆ ಗಾಳ ಹಾಕಿದವರ ಸಾಕ್ಷಿ ಧಾರಾಳವಾಗಿ ಸಿಗುತ್ತೆ. ಅಂಥ ಸಾಕ್ಷಿ ನಮಗೆ ಬೇಡ. ಮನೆಯಲ್ಲಿ ಹಳೇ ಚಪ್ಪಲಿ ಇದ್ದರೆ ಬೆಂಡು ಮಾಡಿ, ಗಾಳದ ಜೊತೆ ವಾಪಸ್ ಮನೆಗೆ ತನ್ನಿ. ಒಂದು ಮಧ್ಯಾಹ್ನದ ಗಾಳಕ್ಕಾದರೆ ಅದೂ ಬೇಡ, ಜೋಳದ ದಂಟೇ ಸಾಕು. ಮೀನಿಗೆ ಯಾವ ಬೆಂಡಾದರೂ ಒಂದೇ. ಕೆರೆಗೆ ಮಾತ್ರ ಹಾಗಲ್ಲ.