ವಿದ್ಯುತ್ ಸ್ಥಾವರಗಳು ನೀರು ಸೆಳೆಯುವುದರಿಂದ ಮೀನು ಹಾಗೂ ಪ್ಲವಕಗಳ ಮೇಲಾಗುವ ಪರಿಣಾಮ: ಮೇಲ್ವಿಚಾರಣೆ ಮತ್ತು ವರದಿಗಳ ಪ್ರತಿ ಪಡೆಯುವ ವಿಧಾನ

ಉಷ್ಣ ಹಾಗೂ ಪರಮಾಣು ವಿದ್ಯುತ್ ಸ್ಥಾವರಗಳು ಟರ್ಬೈನಿನಿಂದ ಹೊರಬಂದ ಉಗಿಯನ್ನು ತಣಿಸಲು ನದಿ, ಜಲಾಶಯ ಅಥವಾ ಸಮುದ್ರದಿಂದ ಅಪಾರ ಪ್ರಮಾಣದ ನೀರನ್ನು ಸೆಳೆಯುತ್ತವೆ. ಹೀಗೆ ಸೆಳೆಯುವಾಗ ನೀರಿನಲ್ಲಿರುವ ಜೀವಿಗಳಿಗೆ ಆಗುವ ಹಾನಿ, ಅದನ್ನು ಅಳೆಯುವ ಕ್ರಮ ಹಾಗೂ ತತ್ಸಂಬಂಧದ ವರದಿಗಳನ್ನು ನಾಗರಿಕರು ಪಡೆಯಬಹುದಾದ ಮಾರ್ಗಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಮೈಸೂರು ನಗರದ ಸಮೀಪ ಇಂತಹ ದೊಡ್ಡ ಸ್ಥಾವರ ಯಾವುದೂ ಇರುವುದಿಲ್ಲ. 1902ರಲ್ಲಿ ಆರಂಭವಾದ ಶಿವನಸಮುದ್ರ ಕೇಂದ್ರವು ಜಲವಿದ್ಯುತ್ ಕೇಂದ್ರವಾಗಿದ್ದು, ಅಲ್ಲಿ ನೀರು ಕಾಯುವ ಪ್ರಶ್ನೆ ಇಲ್ಲ. ಆದಾಗ್ಯೂ ಜಯಲಕ್ಷ್ಮಿಪುರಂ ಬಡಾವಣೆಯ ಮನೆಯೊಂದಕ್ಕೆ ಬರುವ ವಿದ್ಯುತ್ತು ಪ್ರಸರಣ ಜಾಲದ ಮೂಲಕ ಬರುವಂಥದ್ದು. ಯಾವ ಸ್ಥಾವರದ ಪಾಲು ಎಷ್ಟೆಂದು ತಂತಿಯಲ್ಲಿ ಬೇರ್ಪಡಿಸಲಾಗದು. ಮಾಹಿತಿ ಹಕ್ಕಿನಡಿ ಪ್ರತಿ ಕೋರುವುದಕ್ಕೂ ಅರ್ಜಿದಾರರು ಸ್ಥಾವರದ ನೆರೆಯವರೇ ಆಗಿರಬೇಕೆಂಬ ನಿರ್ಬಂಧವಿಲ್ಲ.

ಪ್ಲವಕಗಳ ಮಹತ್ವ

ನೀರಿನ ಹರಿವಿನೊಡನೆ ತೇಲುವ, ಹರಿವಿಗೆ ಎದುರಾಗಿ ಈಜಲಾರದ ಸೂಕ್ಷ್ಮ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಇವುಗಳಲ್ಲಿ ಸಸ್ಯಪ್ಲವಕ, ಪ್ರಾಣಿಪ್ಲವಕ ಎಂಬ ಎರಡು ವಿಧಗಳಿವೆ. ಜಯಲಕ್ಷ್ಮಿಪುರಂ ನಿವಾಸಿಗಳು ಬೆಳಗಿನ ನಡಿಗೆಗೆ ಹೋಗುವ ಕುಕ್ಕರಹಳ್ಳಿ ಕೆರೆಯ ನೀರು ಹಸಿರಾಗಿ ಕಾಣುವುದು ಸಸ್ಯಪ್ಲವಕಗಳಿಂದಲೇ. ಅಲ್ಲಿ ಅವು ಮಿತಿಮೀರಿ ಬೆಳೆದದ್ದು ಸಮಸ್ಯೆಯಾದರೆ, ಶುದ್ಧ ಜಲಾಶಯವೊಂದರಲ್ಲಿ ಅವು ನಶಿಸುವುದು ಬೇರೊಂದು ಸಮಸ್ಯೆ. ಸಸ್ಯಪ್ಲವಕವನ್ನು ಪ್ರಾಣಿಪ್ಲವಕವೂ, ಪ್ರಾಣಿಪ್ಲವಕವನ್ನು ಮೀನುಮರಿಯೂ ತಿನ್ನುತ್ತವೆ. ಮೀನುಗಾರರ ಬಲೆಗೆ ಬೀಳುವ ಮೀನಿನ ಲೆಕ್ಕ ಇಲ್ಲಿಂದಲೇ ಆರಂಭವಾಗುತ್ತದೆ.

ನೀರು ಸೆಳೆಯುವ ಸ್ಥಳದಲ್ಲಿ ನಡೆಯುವುದೇನು

ಇನ್‌ಟೇಕ್ ಎಂದು ಕರೆಯಲಾಗುವ ಈ ಸ್ಥಳದಲ್ಲಿ ಮೊದಲು ಕಬ್ಬಿಣದ ಸರಳುಗಳ ತಡೆಯೂ, ಅದರ ಹಿಂದೆ ತಿರುಗುವ ಜಾಲರಿಯೂ ಇರುತ್ತವೆ. ಇವುಗಳ ಮೂಲ ಉದ್ದೇಶ ಕಸಕಡ್ಡಿ ಪಂಪಿಗೆ ಸೇರದಂತೆ ಯಂತ್ರವನ್ನು ಕಾಯುವುದೇ ಹೊರತು ಮೀನನ್ನು ಕಾಯುವುದಲ್ಲ ಎಂಬುದನ್ನು ಗಮನಿಸತಕ್ಕದ್ದು. ಸೆಳೆತಕ್ಕೆ ಎದುರಾಗಿ ಈಜಲಾರದ ಮೀನು ಜಾಲರಿಗೆ ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತದೆ ಅಥವಾ ಗಾಯಗೊಳ್ಳುತ್ತದೆ. ಇದು ಜಾಲರಿಗೆ ಸಿಲುಕುವಿಕೆ. ಜಾಲರಿಯ ಕಣ್ಣಿಗಿಂತ ಚಿಕ್ಕದಾದ ಮೊಟ್ಟೆ, ಮರಿ, ಪ್ಲವಕಗಳು ನೀರಿನೊಂದಿಗೇ ಒಳಹೋಗಿ ಪಂಪಿನ ಹೊಡೆತ, ಕಂಡೆನ್ಸರ್ ಕೊಳವೆಗಳ ಬಿಸಿ ಹಾಗೂ ಕೊಳವೆಗಳಲ್ಲಿ ಪಾಚಿ ಕಟ್ಟದಂತೆ ಬೆರೆಸುವ ಕ್ಲೋರಿನ್, ಈ ಮೂರನ್ನೂ ಒಟ್ಟಿಗೆ ಎದುರಿಸುತ್ತವೆ. ಇದು ಒಳಸೇರುವಿಕೆ.

ನೀರಿನ ಪ್ರಮಾಣವನ್ನು ಸಾಮಾನ್ಯ ಲೆಕ್ಕದಿಂದ ಅಂದಾಜಿಸಬಹುದು. ಒಂದು ಲೀಟರ್ ನೀರಿನ ತಾಪಮಾನವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. 500 ಮೆಗಾವಾಟ್‌ನಷ್ಟು ಶಾಖವನ್ನು ನೀರಿನ ತಾಪಮಾನ 7 ಡಿಗ್ರಿಗಿಂತ ಹೆಚ್ಚು ಏರದಂತೆ ಹೊರಹಾಕಲು ಸೆಕೆಂಡಿಗೆ ಸುಮಾರು 17,000 ಲೀಟರ್ ನೀರು ಅಗತ್ಯ. ಪ್ಲವಕಗಳು ತಪ್ಪಿಸಿಕೊಳ್ಳಲಾರವಾದ್ದರಿಂದ ಒಳಸೇರುವ ಜೀವಿಗಳ ಸಂಖ್ಯೆ ಸೆಳೆದ ನೀರಿನ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಅದೇ ನೀರನ್ನು ಗೋಪುರದಲ್ಲಿ ತಣಿಸಿ ಮರುಬಳಸುವ ಸ್ಥಾವರಕ್ಕೆ ಇದರ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ನೀರು ಸಾಕು. ರಾಯಚೂರು ಜಿಲ್ಲೆಯ ಶಕ್ತಿನಗರದ ಸ್ಥಾವರವು ಕೃಷ್ಣಾ ನದಿಯ ನೀರನ್ನು ಇಂತಹ ಗೋಪುರಗಳ ಮೂಲಕ ಬಳಸುತ್ತದೆ.

ಕೈಗಾ ಮತ್ತು ಕದ್ರಾ ಜಲಾಶಯ

ರಾಜ್ಯದಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರದ ಉದಾಹರಣೆ ಉತ್ತರ ಕನ್ನಡ ಜಿಲ್ಲೆ ಕಾರವಾರ ತಾಲ್ಲೂಕಿನ ಕೈಗಾ ಪರಮಾಣು ವಿದ್ಯುತ್ ಕೇಂದ್ರ. ಕಾಳಿ ನದಿಯ ದಂಡೆಯಲ್ಲಿರುವ ಸದರಿ ಕೇಂದ್ರದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲ ಎರಡು 2000ನೇ ಇಸವಿಯಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇವು ಕದ್ರಾ ಜಲಾಶಯದ ನೀರನ್ನು ಸೆಳೆದು, ಕಂಡೆನ್ಸರ್ ಮೂಲಕ ಒಮ್ಮೆ ಹಾಯಿಸಿ, ಪುನಃ ಜಲಾಶಯಕ್ಕೇ ಬಿಡುತ್ತವೆ. ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳಿಗೆ ಗೋಪುರಗಳನ್ನು ಪ್ರಸ್ತಾಪಿಸಲಾಗಿದ್ದು, ಆ ಕುರಿತ ಸಾರ್ವಜನಿಕ ಆಲಿಕೆ ಸಭೆಯು 2018ರ ಡಿಸೆಂಬರ್‌ನಲ್ಲಿ ನಡೆಯಿತು.

ಕದ್ರಾ ಜಲಾಶಯದ ಪ್ಲವಕಗಳ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವು ಬಿಸಿನೀರು ಹೊರಬೀಳುವ ಸ್ಥಳದ ಬಳಿ ಪ್ಲವಕಗಳ ಪ್ರಮಾಣವೂ ವೈವಿಧ್ಯವೂ ಕುಗ್ಗಿರುವುದನ್ನು ದಾಖಲಿಸಿತು. 2007ರ ಇನ್ನೊಂದು ಅಧ್ಯಯನವು ಬಿಸಿ ಹಾಗೂ ಕ್ಲೋರಿನ್‌ಗಳಿಂದ ಸಿಹಿನೀರಿನ ಪ್ಲವಕಗಳ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿತು. ಹೊರಬಿಡುವ ಸ್ಥಳದಲ್ಲಿ ಸಿಗುವ ಪ್ಲವಕವು ಬಹುಮಟ್ಟಿಗೆ ಕಂಡೆನ್ಸರ್ ಹಾದುಬಂದ ನೀರಿನದೇ ಆದ್ದರಿಂದ, ಒಳಹೋಗುವ ಸ್ಥಳದ ಮಾದರಿಯೊಂದಿಗೆ ಹೋಲಿಸಿದಾಗ ಮಾತ್ರ ಅದರ ಪೂರ್ಣ ಅರ್ಥ ತಿಳಿಯುತ್ತದೆ.

ಇಲ್ಲಿ ಅರ್ಜಿದಾರರಲ್ಲಿ ಉಂಟಾಗಬಹುದಾದ ಗೊಂದಲವೊಂದನ್ನು ನಿವಾರಿಸುವುದು ಅವಶ್ಯ. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸುತ್ತಲಿನ ನೀರು, ಹಾಲು, ತರಕಾರಿ, ಮೀನುಗಳನ್ನು ಪರೀಕ್ಷಿಸುತ್ತದೆ. ಅದು ವಿಕಿರಣದ ಪರೀಕ್ಷೆ. ಮೀನು ತಿನ್ನಲು ಯೋಗ್ಯವೇ ಎಂಬುದನ್ನು ಅದು ಹೇಳುತ್ತದೆ. ಜಾಲರಿಗೆ ಸಿಲುಕಿ ಎಷ್ಟು ಮೀನು ಸತ್ತವೆಂಬುದನ್ನು ಹೇಳುವುದಿಲ್ಲ.

ಅಳೆಯುವ ಕ್ರಮ

ಜಾಲರಿಯನ್ನು ತೊಳೆದಾಗ ಬುಟ್ಟಿಗೆ ಬೀಳುವ ಮೀನುಗಳನ್ನು ಪೂರ್ಣ 24 ಗಂಟೆಗಳ ಕಾಲ ಸಂಗ್ರಹಿಸಿ, ಜಾತಿವಾರು ಎಣಿಸಿ, ತೂಗಿ, ಸತ್ತವು ಹಾಗೂ ಬದುಕಿದವು ಎಂದು ಬೇರ್ಪಡಿಸಿ ದಾಖಲಿಸಬೇಕು. ಅದೇ ಅವಧಿಯಲ್ಲಿ ಸೆಳೆದ ನೀರಿನ ಪ್ರಮಾಣವನ್ನೂ ನಮೂದಿಸದಿದ್ದರೆ ಈ ಎಣಿಕೆ ನಿರುಪಯುಕ್ತ. ಪ್ಲವಕಗಳಿಗಾಗಿ ಸೂಕ್ಷ್ಮ ಬಟ್ಟೆಯ ಬಲೆಯಲ್ಲಿ ಅಳೆದ ಪ್ರಮಾಣದ ನೀರನ್ನು ಸೋಸಿ, ಅಯೋಡಿನ್ ದ್ರಾವಣ ಅಥವಾ ಫಾರ್ಮಾಲಿನ್‌ನಲ್ಲಿ ಕಾಪಿಟ್ಟು, 1 ಮಿಲಿಲೀಟರ್ ಹಿಡಿಯುವ ಸೆಜ್ವಿಕ್-ರಾಫ್ಟರ್ ಗಾಜಿನ ಕೋಶದಲ್ಲಿ ಸೂಕ್ಷ್ಮದರ್ಶಕದಡಿ ಎಣಿಸಲಾಗುತ್ತದೆ. ಒಳಹೋಗುವ ಸ್ಥಳ, ಹೊರಬೀಳುವ ಸ್ಥಳ ಹಾಗೂ ಸ್ಥಾವರದ ಪ್ರಭಾವವಿಲ್ಲದ ದೂರದ ಒಂದು ಸ್ಥಳ, ಈ ಮೂರರಿಂದಲೂ ಮಾದರಿ ಬೇಕು.

ಅನೇಕ ಪ್ರಾಣಿಪ್ಲವಕಗಳು ಹಗಲಿನಲ್ಲಿ ಆಳಕ್ಕಿಳಿದು ರಾತ್ರಿ ಮೇಲಕ್ಕೆ ಬರುತ್ತವೆ. ಆದಕಾರಣ ಕಚೇರಿ ವೇಳೆಯಲ್ಲಿ ಮಾತ್ರ ಸಂಗ್ರಹಿಸಿದ ಮಾದರಿ ಅರ್ಧ ಸತ್ಯವನ್ನಷ್ಟೇ ತಿಳಿಸುತ್ತದೆ. ಗೆಂಡೆ ಜಾತಿಯ ಹಲವು ಮೀನುಗಳು ಮುಂಗಾರಿನಲ್ಲಿ ಮೊಟ್ಟೆಯಿಡುವುದರಿಂದ, ಮಳೆಗಾಲದ ತಿಂಗಳುಗಳನ್ನು ಬಿಟ್ಟು ತಯಾರಿಸಿದ ವಾರ್ಷಿಕ ವರದಿಯೂ ಹಾಗೆಯೇ.

ನಿಯಮಗಳಲ್ಲಿ ಇರುವುದು, ಇಲ್ಲದಿರುವುದು

ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಅನುಸೂಚಿಯು ಉಷ್ಣ ಸ್ಥಾವರಗಳು ಹೊರಬಿಡುವ ನೀರಿನ ತಾಪಮಾನಕ್ಕೆ ಮಿತಿ ವಿಧಿಸುತ್ತದೆ. ಕಂಡೆನ್ಸರ್ ನೀರಿನಲ್ಲಿ ಉಳಿಯುವ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಮೀರುವಂತಿಲ್ಲ. ಸಿಹಿನೀರು ಬಳಸುವ ಹೊಸ ಉಷ್ಣ ಸ್ಥಾವರಗಳಿಗೆ ಗೋಪುರವನ್ನು 1998ರ ಡಿಸೆಂಬರ್ ಅಧಿಸೂಚನೆಯು ಕಡ್ಡಾಯಗೊಳಿಸಿತು. 2015ರ ಡಿಸೆಂಬರ್ ಅಧಿಸೂಚನೆಯು ಪ್ರತಿ ಮೆಗಾವಾಟ್ ಗಂಟೆಗೆ ಬಳಸಬಹುದಾದ ನೀರಿಗೆ ಮಿತಿ ಹಾಕಿತು. ಕೈಗಾಕ್ಕೆ ಅನ್ವಯಿಸುವ ಮಿತಿಗಳನ್ನು ಅದರ ಸಮ್ಮತಿ ಪತ್ರದಲ್ಲಿಯೇ ನೋಡತಕ್ಕದ್ದು.

ಈ ಮಿತಿಗಳು ಹೊರಬರುವ ನೀರಿಗೆ ಅಥವಾ ಒಟ್ಟು ಬಳಕೆಗೆ ಸಂಬಂಧಿಸಿದವು. ಜಾಲರಿಗೆ ಸಿಲುಕುವ ಮೀನಿಗಾಗಲಿ, ಒಳಸೇರುವ ಮರಿಗಾಗಲಿ ಸದರಿ ಅನುಸೂಚಿಯಲ್ಲಿ ಅಂಕಿಯ ಮಿತಿ ಇಲ್ಲ. ಅಮೆರಿಕದಲ್ಲಿ 2014ರ ನಿಯಮವು ಜಾಲರಿಯ ಬಳಿ ನೀರಿನ ವೇಗ ಸೆಕೆಂಡಿಗೆ ಅರ್ಧ ಅಡಿ ಮೀರದಂತೆ ನೋಡಿಕೊಳ್ಳುವುದನ್ನು ಅನುಮೋದಿತ ಕ್ರಮಗಳಲ್ಲೊಂದಾಗಿ ಸೇರಿಸಿದೆ. ಇಲ್ಲಿ ಅಂತಹ ಷರತ್ತುಗಳಿದ್ದಲ್ಲಿ ಅವು ಆಯಾ ಸ್ಥಾವರದ ಪರಿಸರ ಅನುಮತಿ ಪತ್ರದಲ್ಲಿರುತ್ತವೆ. ಖರ್ಚಿನ ಪುಟವನ್ನು ಮಾತ್ರ ಬರೆದು ಜಮೆಯ ಪುಟವನ್ನು ಖಾಲಿ ಬಿಟ್ಟ ಲೆಕ್ಕಪುಸ್ತಕದಲ್ಲಿ ಶಿಲ್ಕು ಎಷ್ಟೆಂದು ಯಾವ ಲೆಕ್ಕಪರಿಶೋಧಕರೂ ಹೇಳಲಾರರು. ಒಳಹೋಗುವ ಸ್ಥಳದ ಎಣಿಕೆ ಇಲ್ಲದ ವರದಿಯ ಸ್ಥಿತಿಯೂ ಅದೇ. ಆದುದರಿಂದ ಪ್ರತಿ ಕೋರುವವರು ತಾಪಮಾನದ ಅಂಕಿಗಳೊಂದಿಗೆ ಈ ಎಣಿಕೆಯನ್ನೂ ನಿರ್ದಿಷ್ಟವಾಗಿ ಕೇಳುವುದು ಸೂಕ್ತ.

ವರದಿಗಳ ಪ್ರತಿ ಪಡೆಯುವುದು

14-09-2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ಅನುಮತಿ ಪಡೆದ ಯೋಜನೆಗಳು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನಾ ವರದಿ ಸಲ್ಲಿಸತಕ್ಕದ್ದು. ಇವು ಸಾರ್ವಜನಿಕ ದಾಖಲೆಗಳಾಗಿದ್ದು, ಅರ್ಜಿ ಸಲ್ಲಿಸಿದ ಯಾವುದೇ ವ್ಯಕ್ತಿಗೆ ಪ್ರತಿ ನೀಡಬೇಕಾಗುತ್ತದೆ. ಜಲ (ಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ) ಕಾಯ್ದೆ, 1974ರ 25(6)ನೇ ಪ್ರಕರಣದಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಸಮ್ಮತಿ ಷರತ್ತುಗಳ ವಹಿಯನ್ನು ಇಡುತ್ತದೆ. ಹಿತಾಸಕ್ತಿ ಉಳ್ಳವರು ಹಾಗೂ ಬಾಧಿತರು ಅದನ್ನು ಪರಿಶೀಲಿಸಬಹುದು.

ಉಳಿದ ದಾಖಲೆಗಳಿಗೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕೈಗಾ ಕೇಂದ್ರವು ಕೇಂದ್ರ ಸರ್ಕಾರದ ಅಧೀನದ ಭಾರತೀಯ ಅಣು ವಿದ್ಯುತ್ ನಿಗಮಕ್ಕೆ ಸೇರಿದ್ದರಿಂದ, ಜಾಲರಿಯ ದಾಖಲೆಗಳಿಗಾಗಿ ಸದರಿ ನಿಗಮದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಮೈಸೂರಿನಿಂದ ಅಂಚೆಯ ಮೂಲಕ ಅಥವಾ ಆನ್‌ಲೈನ್‌ನಲ್ಲಿ ಕಳುಹಿಸಿದರೆ ಸಾಕು. ಅರ್ಜಿಯು ಸಂಬಂಧಪಡದ ಪ್ರಾಧಿಕಾರಕ್ಕೆ ತಲುಪಿದಲ್ಲಿ, 6(3)ನೇ ಪ್ರಕರಣದಂತೆ 5 ದಿನಗಳೊಳಗೆ ಸೂಕ್ತ ಪ್ರಾಧಿಕಾರಕ್ಕೆ ವರ್ಗಾಯಿಸತಕ್ಕದ್ದು. 30 ದಿನಗಳಲ್ಲಿ ಉತ್ತರ ದೊರೆಯದಿದ್ದರೆ, ತದನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು. “ದಾಖಲೆ ಲಭ್ಯವಿಲ್ಲ” ಎಂಬ ಲಿಖಿತ ಉತ್ತರ ಬಂದಲ್ಲಿ ಅದನ್ನು ಕಾಪಾಡಿಕೊಳ್ಳತಕ್ಕದ್ದು. ಮುಂದಿನ ಸಾರ್ವಜನಿಕ ಆಲಿಕೆ ಸಭೆಗೆ ಲಿಖಿತ ಆಕ್ಷೇಪಣೆ ಸಲ್ಲಿಸುವಾಗ ಅದರ ಪ್ರತಿಯನ್ನು ಲಗತ್ತಿಸಬಹುದು.