ಬಡ್ಡಿಯ ಮಿತಿ ಹೋಯ್ತು, ವಸೂಲಿಗೆ ಮಿತಿ ಬಂತು: ಕ್ರೆಡಿಟ್ ಕಾರ್ಡ್ ಸಾಲದ ಹಿಸ್ಟರಿ

1/5
ಫ್ರೆಂಡ್ಸ್, ಈ ಸಲ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ನಮ್ಮಲ್ಲಿ ಸುಮಾರು ಜನ ಇನ್ನೊಂದು ವರ್ಷದಲ್ಲಿ ಕೆಲಸಕ್ಕೆ ಸೇರ್ತೀವಿ. ಮೊದಲ ಸಂಬಳದ ಹಿಂದೆಯೇ "ಸರ್, ಲೈಫ್‌ಟೈಮ್ ಫ್ರೀ ಕಾರ್ಡ್" ಅಂತ ಫೋನ್ ಬರುತ್ತೆ. ಅದಕ್ಕೂ ಮುಂಚೆ ಈ ಕಥೆ ಗೊತ್ತಿರಲಿ.

ಕಾರ್ಡ್ ಬಿಲ್‌ನಲ್ಲಿ ಎರಡು ಮೊತ್ತ ಇರುತ್ತೆ: ಟೋಟಲ್ ಡ್ಯೂ, ಮಿನಿಮಮ್ ಡ್ಯೂ. ಟೋಟಲ್ ₹50,000 ಇದ್ದರೆ ಮಿನಿಮಮ್ ಸುಮಾರು ₹2,500. "ಅಬ್ಬಾ, ಇಷ್ಟೇನಾ" ಅನಿಸುತ್ತೆ ಅಲ್ವಾ? ಲೆಕ್ಕ ಹಾಕೋಣ. ತಿಂಗಳಿಗೆ 3.5% ಬಡ್ಡಿ ಅಂತ ಇಟ್ಕೊಳ್ಳಿ. ಬಡ್ಡಿಯ ಮೇಲೆ 18% ಜಿಎಸ್‌ಟಿ. ಒಟ್ಟು ತಿಂಗಳಿಗೆ 4.13%. ನೀವು ಕಟ್ಟೋದು ಪ್ರತಿ ಬಿಲ್‌ನ 5% ಮಾತ್ರ. ಆ ಕಾರ್ಡ್‌ನಲ್ಲಿ ಹೊಸದಾಗಿ ಒಂದು ಟೀ ಕೂಡ ಕುಡಿದಿಲ್ಲ ಅಂದ್ಕೊಳ್ಳಿ. ಒಂದು ವರ್ಷದಲ್ಲಿ ಕಟ್ಟಿದ್ದು ₹28,000ಕ್ಕೂ ಹೆಚ್ಚು. ಸಾಲ ಇಳಿದದ್ದು ಸುಮಾರು ₹6,100. ಇನ್ನೂ ₹43,900 ಬಾಕಿ!

ಇಷ್ಟೊಂದು ಬಡ್ಡಿ ತಗೊಳ್ಳೋಕೆ ಕಾನೂನಲ್ಲಿ ಮಿತಿ ಇಲ್ವಾ? ಒಂದು ಕಾಲದಲ್ಲಿ ಇತ್ತು.

2/5
ನಮ್ಮ "ದುಪ್ಪಟ್ಟು" ಪದ ಗೊತ್ತಲ್ಲ, ಹಾಗೆಯೇ ಹಳೆಯ ಹಿಂದೂ ಕಾನೂನಿನಲ್ಲಿ "ದಾಮ್‌ದುಪಟ್" ಅಂತ ಒಂದು ನಿಯಮ ಇತ್ತು. ಒಂದೇ ಸಲಕ್ಕೆ ವಸೂಲಿ ಮಾಡೋ ಬಡ್ಡಿ ಅಸಲನ್ನು ಮೀರಬಾರದು. ₹100 ಅಸಲಿದ್ದರೆ ಎಷ್ಟೇ ವರ್ಷ ಕಳೆದಿದ್ದರೂ ಕೋರ್ಟಿಗೆ ಹೋಗಿ ₹200ಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ. ಬಾಂಬೆ ಪ್ರೆಸಿಡೆನ್ಸಿಯ ಕೋರ್ಟುಗಳು ಬ್ರಿಟಿಷರ ಕಾಲದಲ್ಲೂ ಇದನ್ನು ಪಾಲಿಸಿದವು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಅದೇ ಪ್ರೆಸಿಡೆನ್ಸಿಯಲ್ಲಿದ್ದವು.

ಆದರೆ 1855ರಲ್ಲಿ ಬ್ರಿಟಿಷ್ ಸರ್ಕಾರ ಬಡ್ಡಿ ದರಕ್ಕಿದ್ದ ಮಿತಿಯ ಕಾನೂನುಗಳನ್ನು ರದ್ದು ಮಾಡಿತು. ಎರಡು ಕಡೆಯವರು ಒಪ್ಪಿ ಬರೆದ ದರವನ್ನೇ ಕೋರ್ಟ್ ಕೊಡಿಸಬೇಕು ಅಂತಾಯ್ತು. ಓದು ಬರದ ರೈತ ಹೆಬ್ಬೆಟ್ಟು ಒತ್ತಿದ ಪತ್ರವೂ "ಒಪ್ಪಿ ಬರೆದದ್ದೇ". ಅದರ ಮೇಲೆ ಕೋರ್ಟ್ ಡಿಕ್ರಿ, ಜಪ್ತಿ, ಜೈಲು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಊರಿನ ಸಂತೆಯಲ್ಲಿ ರೈತರು ಸಿಡಿದೆದ್ದರು. ಸಾಹುಕಾರರ ಲೆಕ್ಕದ ಪುಸ್ತಕ, ಸಾಲಪತ್ರಗಳನ್ನು ಹುಡುಕಿ ತೆಗೆದು ಸುಟ್ಟರು. ಗಲಾಟೆ ಅಹ್ಮದ್‌ನಗರದ ಕಡೆಗೂ ಹಬ್ಬಿತು. ಗಮನಿಸಿ, ಅವರ ಮುಖ್ಯ ಗುರಿ ಕಾಗದ. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಕೋರ್ಟ್ ಇನ್ನು ಮುಂದೆ ಪತ್ರದಲ್ಲಿರೋ ಮೊತ್ತವನ್ನು ಕಣ್ಣುಮುಚ್ಚಿ ಒಪ್ಪೋ ಹಾಗಿಲ್ಲ, ಸಾಲ ಹೇಗೆ ಬೆಳೀತು ಅಂತ ಹಿಂದಕ್ಕೆ ಹೋಗಿ ನೋಡಬೇಕು. ಸಾಲಕ್ಕಾಗಿ ರೈತರನ್ನು ಜೈಲಿಗೆ ಹಾಕೋದಕ್ಕೂ ತಡೆ ಬಿತ್ತು.

3/5
ಈಗ ಅಮೆರಿಕಕ್ಕೆ ಹೋಗೋಣ, ಯಾಕಂದ್ರೆ ಮಿನಿಮಮ್ ಡ್ಯೂ ಕಟ್ಟಿ ಉಳಿದದ್ದನ್ನು ಮುಂದೂಡೋ ಕಾರ್ಡ್ ಬೆಳೆದದ್ದು ಅಲ್ಲಿ. 1950ರ ಡೈನರ್ಸ್ ಕ್ಲಬ್ ಕಾರ್ಡ್‌ನಲ್ಲಿ ತಿಂಗಳ ಬಿಲ್ ಪೂರ್ತಿ ಕಟ್ಟಲೇಬೇಕಿತ್ತು. 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಬೇರೆ ದಾರಿ ಹಿಡಿಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ, ಯಾರೂ ಕೇಳದೇ ಇದ್ದರೂ 60,000 ಕಾರ್ಡ್‌ಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಪೂರ್ತಿ ಕಟ್ಟಬೇಕಿಲ್ಲ, ಉಳಿದದ್ದು ಬಡ್ಡಿ ಜೊತೆ ಮುಂದಿನ ತಿಂಗಳಿಗೆ. ಸರಿಯಾಗಿ ಕಟ್ಟದವರು 4% ಇರಬಹುದು ಅಂತ ಬ್ಯಾಂಕ್ ಅಂದಾಜು ಮಾಡಿತ್ತು. ಆದದ್ದು 22%! ಶುರುವಿನಲ್ಲಿ ಕೈ ಸುಟ್ಟುಕೊಂಡರೂ ಮುಂದೆ ಲಾಭ ಬಂತು. ಆ ಕಾರ್ಡೇ 1976ರಲ್ಲಿ ವೀಸಾ ಆಯ್ತು.

ಈ ವ್ಯವಹಾರದ ಗುಟ್ಟು ಬಿಕಾಂ ಓದೋರಿಗೆ ಬೇಗ ಅರ್ಥ ಆಗುತ್ತೆ. ಪ್ರತಿ ತಿಂಗಳು ಪೂರ್ತಿ ಕಟ್ಟೋರಿಂದ ಬ್ಯಾಂಕಿಗೆ ಬಡ್ಡಿ ಸಿಗಲ್ಲ. ಒಮ್ಮೆಗೇ ಮುಳುಗಿ ಹೋಗೋರಿಂದ ನಷ್ಟ. ಬಡ್ಡಿಯ ಲಾಭ ಇರೋದು ಮಧ್ಯದವರಲ್ಲಿ: ಬಿಡದೆ ಕಟ್ತಾರೆ, ಆದರೆ ಮುಗಿಸಲ್ಲ.

ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕಾರ್ಡ್ ತಂತು. ಸ್ವಲ್ಪ ಸಮಯದಲ್ಲೇ ಇನ್ನೊಂದು ಬದಲಾವಣೆಯೂ ಆಯ್ತು. 1918ರ ಕಾಯ್ದೆಯೊಂದು ವಿಪರೀತ ಬಡ್ಡಿಯ ಸಾಲವನ್ನು ಮರುಪರಿಶೀಲಿಸೋ ಅಧಿಕಾರ ಕೋರ್ಟಿಗೆ ಕೊಟ್ಟಿತ್ತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 1984ರಲ್ಲಿ 21ಎ ಸೆಕ್ಷನ್ ಸೇರಿತು: ಬ್ಯಾಂಕಿನ ಬಡ್ಡಿ ಜಾಸ್ತಿ ಅನ್ನೋ ಕಾರಣಕ್ಕೆ ಕೋರ್ಟ್ ಅದನ್ನು ಮತ್ತೆ ತೆರೆದು ನೋಡೋ ಹಾಗಿಲ್ಲ.

4/5
ಅಂದ್ರೆ ಸಾಲ ತಗೊಂಡವರಿಗೆ ಏನೂ ಉಳೀಲಿಲ್ವಾ? ಉಳಿದಿದೆ, ಆದರೆ ಬೇರೆ ಕಡೆ.

1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚಿನ್ ಕೇಸಲ್ಲಿ ಸುಪ್ರೀಂ ಕೋರ್ಟ್‌ನ ಕೃಷ್ಣ ಅಯ್ಯರ್ ಅವರ ತೀರ್ಪು ಬಂತು. ಕೈಲಾಗದೆ ಸಾಲ ತೀರಿಸದವರನ್ನು ಜೈಲಿಗೆ ಕಳಿಸೋಕೆ ಆಗಲ್ಲ. ದುಡ್ಡಿದ್ದೂ ಕೆಟ್ಟ ಉದ್ದೇಶದಿಂದ ಕೊಡದೇ ಇರೋದು ಬೇರೆ ವಿಷಯ.

2007ರಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಕೇಸು. ಅದು ವಾಹನ ಸಾಲದ್ದು. ವಸೂಲಿಗೆ ರೌಡಿಗಳನ್ನು ಕಳಿಸೋ ಪದ್ಧತಿಯನ್ನು ಸುಪ್ರೀಂ ಕೋರ್ಟ್ ಖಂಡಿಸಿತು, ಕಾನೂನಿನ ದಾರಿಯಲ್ಲೇ ಹೋಗಿ ಅಂದಿತು. 2008ರ ಏಪ್ರಿಲ್‌ನಲ್ಲಿ ಆರ್‌ಬಿಐ ರಿಕವರಿ ಏಜೆಂಟರಿಗೆ ನಿಯಮ ಮಾಡಿತು.

ಅದೇ 2008ರ ಜುಲೈನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕಾರ್ಡ್ ಸಾಲಕ್ಕೆ ವರ್ಷಕ್ಕೆ 30%ಗಿಂತ ಹೆಚ್ಚು ಬಡ್ಡಿ ಹಾಕೋದು ಅನ್ಯಾಯದ ವ್ಯವಹಾರ ಅಂದಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದವು. 2024ರ ಡಿಸೆಂಬರ್ 20ರಂದು ಆ ಆದೇಶವೇ ರದ್ದಾಯ್ತು. ದರದ ವಿಷಯ ಆರ್‌ಬಿಐಗೆ ಬಿಟ್ಟದ್ದು ಅಂತ.

ಆರ್‌ಬಿಐ ಇಂತಿಷ್ಟೇ ಬಡ್ಡಿ ಅಂತ ಅಂಕಿ ಹಾಕಿಲ್ಲ. 2022ರಲ್ಲಿ ನಡವಳಿಕೆಯ ನಿಯಮಗಳನ್ನು ಬಿಗಿ ಮಾಡಿತು. ಕೇಳದೆ ಕಾರ್ಡ್ ಕಳಿಸೋ ಹಾಗಿಲ್ಲ (ಫ್ರೆಸ್ನೊ ನೆನಪಾಯ್ತಾ?). ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತೆ ಅಂತ ಬಿಲ್‌ನಲ್ಲೇ ಎಚ್ಚರಿಸಬೇಕು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು. ಬೆದರಿಸಬಾರದು, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯಬಾರದು, ಮನೆಯವರಿಗೆ ಸ್ನೇಹಿತರಿಗೆ ಕಾಟ ಕೊಡಬಾರದು.

5/5
ಇಷ್ಟು ಹಿಸ್ಟರಿಯಿಂದ ನನಗೆ ಅರ್ಥ ಆದದ್ದು ಇದು: ಕಾನೂನು ಇವತ್ತು ನಿಮ್ಮ ಮರ್ಯಾದೆ ಕಾಯುತ್ತೆ, ನಿಮ್ಮ ಜೇಬು ಕಾಯಲ್ಲ. ಜೇಬು ನೀವೇ ಕಾಯಬೇಕು.

ಈಗಾಗಲೇ ನೀವೋ, ಮನೆಯಲ್ಲಿ ಅಣ್ಣನೋ ಅಕ್ಕನೋ ಸಿಕ್ಕಿಹಾಕಿಕೊಂಡಿದ್ದರೆ:

▪️ ಆ ಕಾರ್ಡ್ ಬಳಸೋದು ಇವತ್ತೇ ನಿಲ್ಲಿಸಿ. ಹಳೇ ಬಾಕಿ ಇರುವಾಗ ಹೊಸ ಖರ್ಚಿಗೆ ಬಡ್ಡಿ ಇಲ್ಲದ ದಿನಗಳು ಸಿಗಲ್ಲ.
▪️ ಬ್ಯಾಂಕಿಗೆ ಇಮೇಲ್ ಹಾಕಿ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡ್ತೀರಾ ಅಂತ ಕೇಳಿ. ಫೋನಲ್ಲಿ ಆದ ಮಾತಿಗೆ ಸಾಕ್ಷಿ ಇರಲ್ಲ.
▪️ ಏಜೆಂಟ್ ಮನೆಗೆ ಬಂದರೆ ಐಡಿ ಕಾರ್ಡ್, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಅವರ ಸ್ವಂತ ಯುಪಿಐಗೆ ಒಂದು ರೂಪಾಯಿಯೂ ಹಾಕಬೇಡಿ.
▪️ "ಸೆಟಲ್‌ಮೆಂಟ್" ಮಾಡಿದರೆ ಪತ್ರ ತಗೊಳ್ಳಿ. ಕ್ರೆಡಿಟ್ ರಿಪೋರ್ಟಲ್ಲಿ ಆ ಗುರುತು ಉಳಿಯುತ್ತೆ, ಮುಂದೆ ಸಾಲ ಸಿಗೋದು ಕಷ್ಟ ಆಗಬಹುದು.
▪️ ಕಿರುಕುಳ ಆದರೆ ಕಾಲ್, ಮೆಸೇಜ್ ಎಲ್ಲ ಸೇವ್ ಮಾಡಿ ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಫೀಸ್ ಇಲ್ಲ. ಬೆದರಿಕೆ ಹಾಕಿದರೆ ಪೊಲೀಸ್.

ಸಾಲ ತೀರಿಸೋ ಹೊಣೆ ಇದ್ದೇ ಇದೆ. ಬ್ಯಾಂಕ್ ಸಿವಿಲ್ ಕೇಸ್ ಹಾಕಬಹುದು, ಚೆಕ್ ಬೌನ್ಸ್ ಆದರೆ ಅದು ಬೇರೆಯೇ ಅಪರಾಧ. ಆದರೆ "ನಾಳೆ ಅರೆಸ್ಟ್ ಮಾಡಿಸ್ತೀನಿ" ಅಂತ ಫೋನಲ್ಲಿ ಕೂಗೋರಿಗೆ ಆ ಅಧಿಕಾರ ಇಲ್ಲ. ರಾತ್ರಿ ಒಂಬತ್ತಕ್ಕೆ ಅಂಥ ಫೋನ್ ಬಂದು ಒಬ್ಬರೇ ಕೂತು ಅಳ್ತಿರೋ ಫ್ರೆಂಡ್ ನಿಮಗಿದ್ದರೆ, ಈ ಪೋಸ್ಟ್ ಅವರಿಗೆ ಕಳಿಸಿ. ಆಮೇಲೆ ಪಕ್ಕದಲ್ಲಿ ಕೂತು ಆ ಇಮೇಲ್ ಬರೆಯೋಕೆ ಸಹಾಯ ಮಾಡಿ.

#ದುಡ್ಡಿನಹಿಸ್ಟರಿ #ಕ್ರೆಡಿಟ್‌ಕಾರ್ಡ್ #ಬಿಕಾಂಬಳಗ