ಬೇಕಲೈಟ್ ಮತ್ತು ಹನೇಹಳ್ಳಿ

ಹಳೆಯ ಮನೆಗಳ ಗೋಡೆಯಲ್ಲಿ ಕಪ್ಪಗೆ, ದುಂಡಗೆ ಇರುತ್ತಿದ್ದ ಕರೆಂಟಿನ ಸ್ವಿಚ್ಚುಗಳು ನಿಮಗೆ ನೆನಪಿರಬಹುದು. ಅದು ಬೇಕಲೈಟ್. ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ ಅಚ್ಚಿನಲ್ಲಿ ಕಾಯಿಸಿ ಒತ್ತಿದರೆ ಆಗುವ ವಸ್ತು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಅದೇ ಹೆಸರಿನ ಕಂಪನಿಯಲ್ಲಿ, ಮುಂಬಯಿಯಲ್ಲಿ, ಬಹುಕಾಲ ದುಡಿದವರು ನಮ್ಮ ಯಶವಂತ ಚಿತ್ತಾಲರು.

1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಹುಡುಗ ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಓದಿ, ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿಗೂ ಹೋಗಿ ಬಂದ. (ಅಣ್ಣ ಗಂಗಾಧರ ಚಿತ್ತಾಲರು ಕವಿ, ಅವರೂ ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡಿದವರೇ.) ಆಫೀಸು ಇಂಗ್ಲಿಷಿನದು, ಮನೆಮಾತು ಕೊಂಕಣಿ, ಬೀದಿಯಲ್ಲಿ ಮರಾಠಿ, ಹಿಂದಿ. ಕನ್ನಡಕ್ಕೆ ಉಳಿದದ್ದು ಬರೆಯುವ ಮೇಜು.

ಮೊದಲ ಕಾದಂಬರಿ ‘ಮೂರು ದಾರಿಗಳು’ ಬಂದದ್ದು 1964ರಲ್ಲಿ. ಎರಡನೆಯದು ‘ಶಿಕಾರಿ’, 1979ರಲ್ಲಿ. ನಡುವೆ 15 ವರ್ಷ. ಸುಮ್ಮನಿದ್ದರೆಂದಲ್ಲ, ಕಥೆಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ನನಗನ್ನಿಸುವುದು, ನೌಕರಿ ಮಾಡುವವನಿಗೆ ಕಥೆ ಒಲಿಯುವಷ್ಟು ಸುಲಭವಾಗಿ ಕಾದಂಬರಿ ಒಲಿಯುವುದಿಲ್ಲ. ಈ ಭಾನುವಾರ ಬಿಟ್ಟ ಕಥೆ ಮುಂದಿನ ಭಾನುವಾರದವರೆಗೆ ಕಾಯುತ್ತದೆ. ಕಾದಂಬರಿಗೆ ಅಷ್ಟು ತಾಳ್ಮೆಯಿಲ್ಲ.

ಆದರೆ ಬರೆಯುವ ಸಮಯವನ್ನು ಕಸಿದುಕೊಂಡ ಆಫೀಸೇ ‘ಶಿಕಾರಿ’ಯ ವಸ್ತುವಾಯಿತು. ಕೆಮಿಕಲ್ ಕಂಪನಿಯೊಂದರಲ್ಲಿ ಕಷ್ಟಪಟ್ಟು ಮೇಲೇರಿದ ನಾಗಪ್ಪನನ್ನು ಏಕಾಏಕಿ ಅಮಾನತಿನಲ್ಲಿಡುತ್ತಾರೆ. ಮಾಡಿದ ತಪ್ಪೇನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಫ್ಕಾನ ನೆನಪಾಗುವುದು ಸಹಜವೇ. ಆದರೆ ಚಿತ್ತಾಲರ ಭಯ ಹುಟ್ಟುವುದು ನಾವು ದಿನವೂ ನೋಡುವ ಜಾಗಗಳಲ್ಲಿ: ಟೈಪಾದ ಪತ್ರ, ಹೊತ್ತಲ್ಲದ ಹೊತ್ತಿನ ಫೋನು, ಮೇಲಧಿಕಾರಿಯ ನಯವಾದ ನಗೆ. ಆ ಮೇಲಧಿಕಾರಿಯ ಹೆಸರು ಫಿರೋಜ್ ಬಂದೂಕ್‌ವಾಲಾ! ಹೆಸರಿಡುವಾಗ ಚಿತ್ತಾಲರು ಒಳಗೊಳಗೇ ನಕ್ಕಿರಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆ. ನಾಗಪ್ಪನ ಬಾಲ್ಯ, ಊರು, ಮನೆಯ ಹಳೆಯ ಗಾಯಗಳನ್ನು ಕೆದಕಿ ಅವನ ವಿರುದ್ಧವೇ ಬಳಸುತ್ತಾರೆ. ಕಥೆಗಳಲ್ಲಿ ಚಿತ್ತಾಲರು ಜತನದಿಂದ ಕಾಪಿಟ್ಟ ನೆನಪುಗಳಂಥವೇ ಇಲ್ಲಿ ಬೇಟೆಗಾರರ ಕೈಯಲ್ಲಿವೆ. ನೌಕರಿಯ ಒಳಗನ್ನು ಕಂಡವರಲ್ಲದೆ ಇನ್ನಾರು ಹೀಗೆ ಹೆದರಿಯಾರು?

1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದದ್ದು ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ, ‘ಶಿಕಾರಿ’ಗಲ್ಲ. ಮುಂದಿನ ಕಾದಂಬರಿಗಳಿಗೆ ಓದುಗರು 15 ವರ್ಷ ಕಾಯಬೇಕಾಗಲಿಲ್ಲ: ‘ಛೇದ’ 1985ರಲ್ಲಿ ಬಂತು, ‘ಪುರುಷೋತ್ತಮ’ 1990ರಲ್ಲಿ.